ಪೇಟಿ ಮಾಸ್ತರರ ಮನೆಯ ಒಂದೇ ಹಾಡು

ಟೆಂಪೋದಿಂದ ಮೊದಲು ಇಳಿದದ್ದು ಪೇಟಿ. ನಾವು ಹಾರ್ಮೋನಿಯಂ ಅನ್ನುವುದಕ್ಕೆ ಅವರ ಕಡೆ ಪೇಟಿ ಅನ್ನುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು. ಹಳೆಯ ಕೌದಿಯಲ್ಲಿ ಸುತ್ತಿದ್ದ ಅದನ್ನು ಎಳೆಗೂಸಿನ ಹಾಗೆ ಎದೆಗೆ ಒತ್ತಿಕೊಂಡು ನೀಲಕಂಠಪ್ಪ ಬಲಗಾಲಿಟ್ಟು ಒಳಗೆ ಹೋದ. ಅವನ ಹಿಂದೆ ತಾಯಿ ತಂಗೆವ್ವ, ತಂಗೆವ್ವನ ಸೆರಗು ಹಿಡಿದುಕೊಂಡು ಎರಡನೇ ಕ್ಲಾಸಿನ ಮಗಳು ರಾಜಶ್ರೀ. ರೊಟ್ಟಿ ಹಂಚು, ಹಿಟ್ಟಿನ ಡಬ್ಬಿ, ಒಲೆ, ಚಾಪೆ ಇವುಗಳ ನಡುವೆ ಕೂತು ಬಂದಿದ್ದ ಹೆಂಡತಿ ಮಧುಮತಿ ಎಲ್ಲರಿಗಿಂತ ಕೊನೆಗೆ ಇಳಿದಳು. ಇಳಿಯುವಾಗ ಅವಳ ಸೀರೆ ಸಿಲಿಂಡರಿಗೆ ಸಿಕ್ಕಿಕೊಂಡಿತು. ಮನೆಯವರು ಯಾರೂ ತಿರುಗಿ ನೋಡಲಿಲ್ಲ. ನಾನು ಹೋಗಿ ಬಿಡಿಸಿದೆ. ನಮ್ಮ ಪರಿಚಯ ಆದದ್ದು ಹಾಗೆ.

ಅದು ತೊಂಬತ್ತೆರಡನೇ ಇಸವಿ. ಬಿಟಿಎಂ ಲೇಔಟಿನಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಾವು ಗೊಟ್ಟಿಗೆರೆಯ ಹೊಲ ಬಿಟ್ಟು ಇಲ್ಲಿ ಒಂದು ಚಿಕ್ಕ ಮನೆ ಕಟ್ಟಿಕೊಂಡು ಬಂದಿದ್ದೆವು. ಪಕ್ಕದ ಸೈಟಿನಲ್ಲಿ ಬಾಡಿಗೆಗೆಂದೇ ಕಟ್ಟಿಸಿದ ಮನೆಗೆ ಇವರು ಬಂದರು, ಗದಗದ ಕಡೆಯವರು. ನೀಲಕಂಠಪ್ಪ ಒಂದು ಕಂಪನಿಯ ಸ್ಟೋರಿನಲ್ಲಿ ಗುಮಾಸ್ತ. ನಮ್ಮ ಅಡುಗೆಮನೆ ಕಿಟಕಿಗೂ ಅವರ ಅಡುಗೆಮನೆ ಕಿಟಕಿಗೂ ನಡುವೆ ಒಬ್ಬರು ಅಡ್ಡಲಾಗಿ ನಡೆದು ಹೋಗುವಷ್ಟು ಸಂದಿ. ಕೈ ಚಾಚಿದರೆ ಬಟ್ಟಲು ಬದಲಾಯಿಸಬಹುದು. ನಾನು ಮುದ್ದೆ ತಿರುವುತ್ತಿದ್ದರೆ ಆ ಕಡೆಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನನ್ನ ಉಪ್ಸಾರು ಅತ್ತ ಹೋಗುವುದು, ಅವಳ ಪುಂಡಿ ಪಲ್ಯ, ಶೇಂಗಾ ಚಟ್ನಿ ಇತ್ತ ಬರುವುದು. ನಮ್ಮ ಯಜಮಾನರಿಗೆ ಮೊದಮೊದಲು ರೊಟ್ಟಿ ಗಂಟಲಿಗೆ ಒತ್ತುತ್ತಿತ್ತು. ಆಮೇಲೆ ಅವರೇ, "ಇವತ್ತು ಆ ಹುಡುಗಿ ಏನೂ ಕೊಡ್ಲಿಲ್ವ?" ಎಂದು ಕೇಳುವಂತಾದರು.

ಬಂದ ವಾರದಲ್ಲೇ ನನಗೆ ಅವಳ ಹಾಡು ಕೇಳಿಸಿತು. ರೊಟ್ಟಿ ಬಡಿಯುವ ಕೈಯ ಲಯಕ್ಕೆ ಬಾಯಲ್ಲಿ ಸಣ್ಣಗೆ ಹೇಳಿಕೊಳ್ಳುತ್ತಿದ್ದಳು:

"ಅಂಗಳಕೆ ಬಾ ಶಿವನೆ, ಹಾಲು ಕಾಯಿಸಿರುವೆ,
ಬಾಗಿಲು ಮುಚ್ಚಿಲ್ಲ ತಂದೆ, ಬಾಗಿಲು ಮುಚ್ಚಿಲ್ಲ."

ನಮ್ಮವ್ವ ಸುತ್ತಲ ಹಳ್ಳಿಯ ಮದುವೆಗಳಲ್ಲೆಲ್ಲ ಸೋಬಾನೆ ಹೇಳುತ್ತಿದ್ದವಳು. ನನಗೆ ಹಾಡಲು ಬರದು, ಆದರೆ ಕೇಳಲು ಬರುತ್ತದೆ. ಮಧುಮತಿಯದು ಎತ್ತರದ ದನಿಯಲ್ಲ. ತಗ್ಗಿನಲ್ಲಿ, ಒಂದು ಬಿಂದಿಗೆಯೊಳಗಿಂದ ಬಂದ ಹಾಗೆ ಬರುವ ದನಿ. 'ಬಾಗಿಲು' ಅನ್ನುವ ಕಡೆ ಮೇಲಕ್ಕೆ ಹೋಗಬೇಕು, ಅಲ್ಲಿಗೂ ಅವಸರವಿಲ್ಲದೆ ಹೋಗಿ ನಿಲ್ಲುತ್ತಿದ್ದಳು.

"ಚೆನ್ನಾಗ್ ಹಾಡ್ತೀಯಲ್ಲಮ್ಮ," ಎಂದೆ ಕಿಟಕಿಯಿಂದ.

ಅವಳ ಕೈ ನಿಂತುಹೋಯಿತು. ತಿರುಗಿ ನಡುಮನೆಯ ಕಡೆ ನೋಡಿದಳು. "ಹಾಡಿಲ್ರಿ ಅಮ್ಮಾರ. ರೊಟ್ಟಿ ಬಡಿಯಾಕ ಹತ್ತೀನಿ," ಎಂದಳು. ಹಾಡುವುದಕ್ಕೆ ಯಾಕೆ ಹೆದರಬೇಕು ಎಂದು ನನಗೆ ಅರ್ಥವಾದದ್ದು ಮುಂದಿನ ಭಾನುವಾರ.

ನೀಲಕಂಠಪ್ಪ ಆಫೀಸಿನವರನ್ನು ಊಟಕ್ಕೆ ಕರೆದಿದ್ದ. ನಮ್ಮನ್ನೂ ಕರೆದರು. ಹೋಳಿಗೆ, ಎಣ್ಣೆಗಾಯಿ, ಝುಣಕ, ಮೊಸರನ್ನ. ಊಟವಾದ ಮೇಲೆ ಎಲ್ಲರಿಗೂ ಟೀ ಬಂತು, ನೀಲಕಂಠಪ್ಪನಿಗೆ ಮಾತ್ರ ಕರಿ ಟೀ. ಯಾರೋ ಒಬ್ಬರು ತಮಗೆ ಹಾಲು ಸಾಕು ಎಂದದ್ದಕ್ಕೆ ನೀಲಕಂಠಪ್ಪ ಮೂಗು ಹಿಂಡಿಕೊಂಡು, "ಹಾಲಿನ ವಾಸನಿ ನನಗ ಆಗಂಗಿಲ್ರಿ. ಸಣ್ಣಂವ ಇದ್ದಾಗಿಂದ ಮುಟ್ಟಿಲ್ಲ. ಆ ಲೋಟ ಸ್ವಲ್ಪ ದೂರ ಹಿಡೀರಿ," ಎಂದ. ಆಮೇಲೆ ಕೌದಿ ಬಿಚ್ಚಿ ಪೇಟಿ ತೆಗೆದ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಅವನು ಬಹಳ ಚೆನ್ನಾಗಿ ನುಡಿಸುತ್ತಿದ್ದ. ಬಾಯಿ ಬಿಟ್ಟು ಹಾಡುತ್ತಿರಲಿಲ್ಲ. ಎಲ್ಲ ಬೆರಳಲ್ಲೇ.

ಬಂದವರು ತಲೆದೂಗಿದರು. ಆಗ ಅವನು, "ನಮ್ಮಾಕಿನೂ ಹಾಡ್ತಾಳ್ರೀ," ಎಂದ. "ಒಂದ ಹಾಡು. ಎರಡನೇದು ಕೇಳಬ್ಯಾಡ್ರಿ, ಸ್ಟಾಕ್ ಇಲ್ಲ."

ಎಲ್ಲರೂ ನಕ್ಕರು. ಮಧುಮತಿ ಪಾತ್ರೆ ತೊಳೆಯುವುದನ್ನು ಬಿಟ್ಟು ಬಂದಳು.

"ಕೈ ಒರಸ್ಕೊಂಡು ಕುಂದ್ರು. ಹಾಡೇನು ಮುಸುರಿ ಅಲ್ಲ."

ಅವಳು ಕೂತಳು. ಅವನು ಶ್ರುತಿ ಹಿಡಿದ. ಅದು ಅಡುಗೆಮನೆಯಲ್ಲಿ ನಾನು ಕೇಳಿದ ಜಾಗ ಅಲ್ಲ, ಅದಕ್ಕಿಂತ ಎಷ್ಟೋ ಮೇಲೆ. ಮೊದಲ ಸಾಲನ್ನು ಅವಳು ಹೇಗೋ ಎಳೆದುಕೊಂಡು ಹೋದಳು. 'ಬಾಗಿಲು' ಬಂದಾಗ ದನಿ ಸೀಳಿಹೋಯಿತು, ಗಾಳಿ ಸೇರಿಕೊಂಡ ನಲ್ಲಿಯ ಹಾಗೆ. ನೀಲಕಂಠಪ್ಪ ಪೇಟಿ ನಿಲ್ಲಿಸಿ ಬಂದವರ ಮುಖ ನೋಡಿದ.

"ಬಾಗಿಲು ಮುಚ್ಚಿಲ್ಲ ಅಂದ್ಲಲ್ರಿ, ದನಿ ಹೊರಗ ಓಡಿಹೋತು."

ಒಬ್ಬರು ನಗುತ್ತ ಟೀ ಚೆಲ್ಲಿಕೊಂಡರು. ಮಧುಮತಿಯೂ ನಕ್ಕಳು, ತುಟಿ ಮಾತ್ರ. ಎದ್ದು ಹೋಗಿ ಟೀ ಚೆಲ್ಲಿದ ನೆಲ ಒರೆಸಿದಳು.

ಅಂದಿನಿಂದ ಯಾರು ಬರಲಿ, ಆಫೀಸಿನವರು, ಊರಿನವರು, ಬನಶಂಕರಿಯ ನೆಂಟರು, ಕೊನೆಗೆ ಇನ್ಶೂರೆನ್ಸಿನವರು ಬಂದರೂ ಸರಿ, ಪೇಟಿ ಹೊರಗೆ ಬರುವುದು, ಅವಳನ್ನು ಕೂರಿಸುವುದು, ಅದೇ ಜಾಗದಲ್ಲಿ ದನಿ ಒಡೆಯುವುದು, ಅದೇ ಮಾತಿಗೆ ಎಲ್ಲ ನಗುವುದು. ನಾನು ಮದುವೆಯಾದಾಗಿನಿಂದ ಅದೇ ಉಪ್ಸಾರು ಮಾಡುತ್ತಿದ್ದೇನೆ. ಒಂದೇ ಸಾರು ಮಾಡುತ್ತಾಳೆಂದು ಯಾರೂ ನನ್ನನ್ನು ಕೂರಿಸಿ ನಕ್ಕಿಲ್ಲ. ಹಸಿದವರು ಉಂಡು ಎದ್ದು ಹೋದರು, ಅಷ್ಟೆ.

ತಂಗೆವ್ವನಿಗೂ ನನಗೂ ಒಂದೇ ವಯಸ್ಸು. ಮಧ್ಯಾಹ್ನ ನಮ್ಮ ಮೆಟ್ಟಿಲ ಮೇಲೆ ಕೂತು ಹೆಸರುಕಾಳಿನ ಕಲ್ಲು ಆರಿಸುತ್ತ ಮನೆತನದ ಕಥೆ ಹೇಳುತ್ತಿದ್ದಳು. ನಾಲ್ಕು ತಲೆಯಿಂದ ಪೇಟಿ ಮಾಸ್ತರರು. ಅವಳ ಮಾವ, ಗಂಡ, ಎಲ್ಲರೂ ನಾಟಕ ಕಂಪನಿಯಲ್ಲಿ ನುಡಿಸಿದವರು. ಕ್ಯಾಂಪಿನಿಂದ ಕ್ಯಾಂಪಿಗೆ ಪರದೆಗಳ ಜೊತೆ ಪೇಟಿಗೂ ಒಂದು ಗಾಡಿ. ಕಂಪನಿ ಮುಚ್ಚಿದ ಮೇಲೆ ಮಗ ಸ್ಟೋರಿನ ಕೆಲಸ ಹಿಡಿದು ಇಲ್ಲಿಗೆ ಬಂದ.

"ಅವನು ಅವಳಿಗೆ ಯಾಕೆ ಅಷ್ಟು ಮೇಲೆ ಹಿಡೀತಾನೆ ತಂಗೆವ್ವ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮಗ ತಿಳೀತೇನು? ಚಲೋ ಕಿವಿ ಐತಿ ನಿಮಗ. ನನ್ನ ಗಂಡನೂ ಹಂಗ ಮಾಡ್ತಿದ್ದ. ಪಾತ್ರದಾಕಿ ಎದುರುತ್ತರ ಕೊಟ್ಲು ಅಂದ್ರ ಅವತ್ತಿನ ನಾಟಕದಾಗ ಆಕಿ ಹಾಡಿಗೆ ಸೂರ, ನೀವು ಶ್ರುತಿ ಅಂತೀರಲ್ಲ ಅದನ್ನ, ಏರಿಸಿಬಿಡಾಂವ. ನಡುವ ಹಾಡಿನಾಗೂ ಏರಿಸ್ತಿದ್ದ, ಯಾರಿಗೂ ಗೊತ್ತಾಗ್ತಿದ್ದಿಲ್ಲ. ದನಿ ಒಡೀತಿತ್ತು. ಮಂದಿ ಸೀಟಿ ಹೊಡೀತಿದ್ರು. ಮರುದಿವಸ ಬಂದು ಕಾಲಿಗೆ ಬೀಳ್ತಿದ್ಲು."

"ನಿನಗೆ ಪಾಪ ಅನ್ನಿಸ್ತಿರ್ಲಿಲ್ವ?"

"ನನಗ್ಯಾಕ ಅನಸ್ತದ? ನಾ ಹಾಡ್ತಿದ್ದಿಲ್ಲಲ್ಲ."

"ಮಧುಮತಿ ಏನು ಎದುರುತ್ತರ ಕೊಟ್ಟಳು?"

ತಂಗೆವ್ವ ಒಂದು ಕಲ್ಲು ಆರಿಸಿ ರಸ್ತೆಗೆ ಎಸೆದಳು. ಹೆಣ್ಣು ನೋಡಲು ಹೋದ ದಿನದ ಕಥೆ ಹೇಳಿದಳು. ಮಧುಮತಿಯ ಊರಿನಲ್ಲಿ ಹುಡುಗಿಯರಿಗೆ ಶಾಲೆಯ ಮಾಸ್ತರರ ಹೆಂಡತಿ ಒಂದು ಹಾಡು ಹೇಳಿಕೊಡುತ್ತಿದ್ದಳಂತೆ, ನೋಡಲು ಬಂದವರು ಕೇಳಿದರೆ ಇರಲಿ ಎಂದು. ಒಂದೇ ಹಾಡು. ಮದುವೆಯಾದ ಮೇಲೆ ಯಾರು ಕೇಳುತ್ತಾರೆ? ನೀಲಕಂಠಪ್ಪ ಪೇಟಿ ತೆಗೆದುಕೊಂಡೇ ಹೋಗಿದ್ದ. ಅವಳ ದನಿ ಎಲ್ಲಿದೆ ಎಂದು ಹುಡುಕಿ ಅಲ್ಲಿಗೇ ಶ್ರುತಿ ಹಿಡಿದು ನುಡಿಸಿದ. ಹಾಡು ಮುಗಿದಾಗ ಎಲ್ಲರೂ ಅವಳನ್ನೇ ನೋಡುತ್ತಿದ್ದರಂತೆ. ಆಮೇಲೆ ಅವನ ದೊಡ್ಡಪ್ಪ, "ನೀಲಕಂಠ, ಇನ್ನ ಮ್ಯಾಲೆ ನಿನ್ನ ಪೇಟಿ ಯಾರೂ ಕೇಳಂಗಿಲ್ಲ ಬಿಡಪಾ," ಎಂದನಂತೆ. ಮನೆ ತುಂಬ ನಗು.

"ಆ ಮಾತು ಅವನ ಹೊಟ್ಟ್ಯಾಗ ಹಂಗ ಕುಂತದ. ನಾ ಇವಳಿಗೆ ಹೇಳೀನಿ, ಒಮ್ಮೆ ಕೆಟ್ಟದಾಗಿ ಹಾಡಿಬಿಡು, ಸಾಕಾಗಿ ಬಿಡ್ತಾನ ಅಂತ. ಕೇಳಂಗಿಲ್ಲ. ಪ್ರತಿ ಸಲಾನೂ ಚಂದ ಹಾಡಾಕ ಹೋಗ್ತಾಳ, ಮೂಳಿ."

ಮರುದಿನ ಕಿಟಕಿಯಲ್ಲಿ ಮಧುಮತಿಯನ್ನು ಕೇಳಿದೆ. "ಬೇಕು ಅಂತ ಮೇಲೆ ಹಿಡೀತಾನೆ. ಗೊತ್ತಾ ನಿನಗೆ?"

"ಗೊತ್ತೈತ್ರಿ."

"ಗೊತ್ತಿದ್ದೂ ಯಾಕೆ ಹೋಗಿ ಕೂರ್ತೀಯ?"

ಅವಳು ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಒಂದಿಲ್ಲೊಂದು ದಿವಸ ನನ್ನ ದನಿಗೆ ಹಿಡೀತಾರ್ರೀ. ನೋಡಾಕ ಬಂದಾಗ ಹಿಡದಿದ್ರಲ್ಲ. ಇನ್ನೊಮ್ಮೆ ಮಂದಿ ಮುಂದ ಹಂಗ ಹಿಡದ್ರ ಸಾಕು. ಆಮ್ಯಾಗ ಹಾಡಾಕ ಕರೀದಿದ್ರೂ ನಡೀತದ."

ಬೇರೆ ಹೆಂಗಸರು ಒಡವೆ ಕೇಳುತ್ತಾರೆ, ಸೀರೆ ಕೇಳುತ್ತಾರೆ. ಇವಳು ಕೇಳಿದ್ದು ಅದೊಂದು. ಪೇಟಿಯ ಮೇಲೆ ಅವನ ಬೆರಳು ನಾಲ್ಕು ಕೀಲಿ ಕೆಳಗೆ ಸರಿದರೆ ಆಗಿಹೋಗುತ್ತಿತ್ತು.

ಒಮ್ಮೆ ಅವನು ರಜೆ ಹಾಕಿ ಮನೆಯಲ್ಲಿದ್ದಾಗ ಅವಳು ಕೇಳಿದ್ದು ನನಗೆ ಈ ಕಡೆ ಕೇಳಿಸಿತು. "ನನಗ ಇನ್ನೊಂದು ಹಾಡು ಕಲಸ್ರಿ."

"ಮೊದ್ಲ ಇದನ್ನ ಸರಿ ಮಾಡು. ಆಮ್ಯಾಗ ಎರಡನೇದು ನೋಡೂಣು."

"ಇದು ಸರಿನ ಐತ್ರಿ. ನೀವು ಸ್ವಲ್ಪ ಕೆಳಗ ಹಿಡದ್ರ..."

"ಪೇಟಿ ಮಾಸ್ತರಗ ಸೂರ ಹೇಳಿಕೊಡ್ತಿಯೇನು? ಪಲ್ಯಾ ತಳ ಹಿಡೀತದ ನೋಡು ಹೋಗು."

ಪಲ್ಯ ತಳ ಹಿಡಿದಿರಲಿಲ್ಲ. ಒಲೆ ಹಚ್ಚಿರಲೇ ಇಲ್ಲ. ಅವಳು ಬಂದು ಖಾಲಿ ಒಲೆಯ ಮುಂದೆ ನಿಂತಿದ್ದನ್ನು ನಾನು ನೋಡಿದೆ. ಅದಾದ ಮೇಲೆ ನಾನೇ ನಮ್ಮವ್ವನ ಸೋಬಾನೆಗಳನ್ನು ಸಂದಿಯಲ್ಲಿ ಅವಳಿಗೆ ಹೇಳಿಕೊಟ್ಟೆ. ನಾನು ಮಾತಿನ ಹಾಗೆ ಒಪ್ಪಿಸುವುದು, ಧಾಟಿ ಹೀಗೆ ಹೋಗುತ್ತದೆ ಎಂದು ಕೈಯಲ್ಲಿ ತೋರಿಸುವುದು, ಅವಳು ಹಿಡಿದುಕೊಳ್ಳುವುದು. ನನ್ನ ಬಾಯಲ್ಲಿ ಹಾಳಾಗಿದ್ದ ಹಾಡು ಅವಳ ಬಾಯಿಗೆ ಹೋಗಿ ನಮ್ಮವ್ವನದಾಗುತ್ತಿತ್ತು. ಅವನು ಮನೆಯಲ್ಲಿದ್ದಾಗ ಮಾತ್ರ ಉಸಿರೆತ್ತುತ್ತಿರಲಿಲ್ಲ. ಅವನ ಕಿವಿಗೆ ಬಿದ್ದರೆ ಅದೂ ನಡುಮನೆಗೆ ಬಂದು ಕೂರಬೇಕಾಗುತ್ತದೆ ಎಂದು.

ತಂಗೆವ್ವ ಒಂದು ಬೇಸಗೆಯಲ್ಲಿ ಊರಿಗೆ ಹೋದಾಗ ತೀರಿಕೊಂಡಳು. ರಾಜಶ್ರೀ ಬೆಳೆದಳು. ಅಪ್ಪನ ಮುದ್ದಿನ ಮಗಳು. ಅಪ್ಪ ಮಾಡುವ ತಮಾಷೆಗೆಲ್ಲ ಮೊದಲು ನಗುತ್ತಿದ್ದವಳು ಅವಳೇ. ಸ್ಕೂಲಿನ ಗೆಳತಿಯರನ್ನು ಕರೆದುಕೊಂಡು ಬಂದು, "ಅಪ್ಪಾ, ಅವ್ವನ ಕಡೆ ಹಾಡಸು," ಎನ್ನುತ್ತಿದ್ದಳು. ಮಧುಮತಿ ಮಗಳಿಗೆ ಎಲ್ಲ ಕಲಿಸಿದಳು, ರೊಟ್ಟಿ, ಹೊಲಿಗೆ, ರಂಗೋಲಿ. ಹಾಡು ಮಾತ್ರ ಕಲಿಸಲಿಲ್ಲ. ಅವನು ಪೇಟಿ ಹೇಳಿಕೊಡುತ್ತೇನೆಂದು ಕೂರಿಸಿಕೊಂಡರೆ ಹುಡುಗಿಗೆ ಏನಾದರೂ ಕೆಲಸ ಹಚ್ಚಿ ಎಬ್ಬಿಸಿ ಕಳಿಸುತ್ತಿದ್ದಳು.

ಎರಡು ಸಾವಿರದ ನಾಲ್ಕರಲ್ಲಿ ರಾಜಶ್ರೀಯನ್ನು ನೋಡಲು ಬಂದರು. ಸುಬ್ರಹ್ಮಣ್ಯಪುರದಲ್ಲಿ ಮನೆ ಮಾಡಿದ್ದ ಹುಬ್ಬಳ್ಳಿ ಕಡೆಯವರು. ಹುಡುಗ, ಅವನ ತಾಯಿ ಕಮಲಾದೇವಿ, ಇನ್ನೂ ನಾಲ್ಕು ಜನ. ಶಿರಾ, ಉಪ್ಪಿಟ್ಟು ಮಾಡಲು ನಾನೂ ಹೋಗಿದ್ದೆ. ರವೆ ಹುರಿಯುತ್ತಿದ್ದಾಗ ಮಧುಮತಿ ಗಂಡನನ್ನು ಅಡುಗೆಮನೆಗೆ ಕರೆದಳು. ನಾನಿದ್ದೇನೆಂದು ಅವಳು ನಾಚಲಿಲ್ಲ.

"ಇವತ್ತ ಹಾಡಸ್ತೀರೇನ್ರೀ?"

"ಬೀಗರು ಕೇಳಿದ್ರ ಏನ್ ಮಾಡೂದು?"

"ಹಾಡಸ್ರಿ. ಆದ್ರ ಇವತ್ತೊಂದಿನ ನನ್ನ ದನಿಗೆ ಹಿಡೀರಿ. ನೀವು ನನ್ನ ನೋಡಾಕ ಬಂದಾಗ ಹಿಡದಿದ್ರಲ್ಲ, ಹಂಗ. ಮಗಳ ಬೀಗರ ಮುಂದ ಒಮ್ಮೆ. ನಾ ಏನರ ಕೇಳೀನೇನು ನಿಮ್ಮನ್ನ?"

ಅವನು ಒಂದು ಗೋಡಂಬಿ ತೆಗೆದು ಬಾಯಿಗೆ ಹಾಕಿಕೊಂಡ. "ಆತು," ಎಂದ.

ಅವಳು ಮುಖ ತೊಳೆದು ಬೇರೆ ಸೀರೆ ಉಟ್ಟುಕೊಂಡಳು. ನೋಡಲು ಬಂದದ್ದು ಮಗಳನ್ನು. ಆದರೆ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತಿದ್ದವಳು ತಾಯಿ.

ತಿಂಡಿಯ ನಡುವೆ ಕಮಲಾದೇವಿ ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳಿದಳು. "ಮಗಳಿಗೆ ಬರಂಗಿಲ್ರಿ," ಎಂದ ನೀಲಕಂಠಪ್ಪ. "ತಾಯಿಗೆ ಬರ್ತದ. ಒಂದ ಹಾಡು."

ಪೇಟಿ ಬಂತು. ಮಧುಮತಿ ಬಂದು ಕೂತಳು. ನಾನು ಅಡುಗೆಮನೆ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತಿದ್ದೆ. ಅವನು ತಿದಿ ಒತ್ತಿ ಶ್ರುತಿ ಹಿಡಿದ. ಅದೇ ಜಾಗ. ರೊಟ್ಟಿ ಬಡಿಯುವಾಗ ಅವಳು ಹಾಡುತ್ತಿದ್ದ ಅದೇ ತಗ್ಗಿನ ಜಾಗ. ಅವಳು ಒಮ್ಮೆ ತಲೆ ಎತ್ತಿ ಗಂಡನ ಮುಖ ನೋಡಿದಳು, ಕಣ್ಣು ಮುಚ್ಚಿಕೊಂಡಳು.

"ಅಂಗಳಕೆ ಬಾ ಶಿವನೆ, ಹಾಲು ಕಾಯಿಸಿರುವೆ..."

ಕಮಲಾದೇವಿಯ ಚಮಚ ತಟ್ಟೆಯ ಮೇಲೆ ನಿಂತಿತು. ಹುಡುಗ ಫೋನು ಜೇಬಿಗೆ ಹಾಕಿಕೊಂಡ. ರಾಜಶ್ರೀ ತಾಯಿಯ ಮುಖವನ್ನು ಹಿಂದೆಂದೂ ನೋಡದವಳ ಹಾಗೆ ನೋಡುತ್ತಿದ್ದಳು. ಆ ಒಂದು ಸಾಲು ಅವಳು ಎರಡು ಬಾರಿ ಹಾಡಿದಳು, ಅವನು ಜೊತೆಗೇ ಬಂದ. ನೆರಳಿನ ಹಾಗೆ. ಎರಡನೇ ಸಾಲಿಗೆ ಹೋಗುವ ಮುಂಚೆ ಪೇಟಿ ಸ್ವಲ್ಪ ಹೊತ್ತು ಒಂಟಿಯಾಗಿ ನುಡಿಯುತ್ತದೆ. ಅಲ್ಲಿ ಅವನು ಏರಿಸಿದ. ಹೇಗೆ ಏರಿಸಿದನೋ, ಬೆರಳು ಸರಿದದ್ದೂ ಕಾಣಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡೇ ಅದರ ಹಿಂದೆ ಹೋದಳು. 'ಬಾಗಿಲು' ಅನ್ನುವ ಕಡೆ ದನಿ ಸೀಳಿ, ಕೀರಲು ಹೊರಟು, ನಿಂತೇಹೋಯಿತು.

"ಬಾಗಿಲು ಮುಚ್ಚಿಲ್ಲ ಅಂದ್ಲಲ್ರಿ..." ಎಂದು ಅವನು ಶುರು ಮಾಡಿದ. ಮಾತು ಮುಗಿಯುವ ಮೊದಲೇ ನಕ್ಕವಳು ರಾಜಶ್ರೀ. ಹೆದರಿದ ಹುಡುಗಿ, ನಗು ತಡೆಯಲಾಗಲಿಲ್ಲವೋ ಏನೋ. ಅವಳು ನಕ್ಕ ಮೇಲೆ ಬಂದವರಿಗೂ ಧೈರ್ಯ ಬಂತು. ಕಮಲಾದೇವಿ ಸೆರಗು ಬಾಯಿಗೆ ಒತ್ತಿಕೊಂಡು, "ಚಲೋ ಬೀಗರು ಸಿಕ್ರು ಬಿಡ್ರಿ. ಬ್ಯಾಸರ ಅನ್ನೂದ ಇಲ್ಲ," ಎಂದಳು. ಸಂಬಂಧ ಅಂದೇ ಕುದುರಿತು.

ಮಧುಮತಿ ಒಳಗೆ ಬಂದು ಉಳಿದ ಶಿರಾವನ್ನು ಡಬ್ಬಿಗೆ ತುಂಬತೊಡಗಿದಳು. ನಾನು ಡಬ್ಬಿಯ ಮುಚ್ಚಳ ಹುಡುಕಿ ಕೊಟ್ಟೆ. ಅವಳೇ ಹೇಳಿದಳು: "ಹಿಡದ್ರಲ್ರಿ ಅಮ್ಮಾರ. ಅರ್ಧ."

ಆ ದಿನದಿಂದ ಆ ಕಿಟಕಿಯಿಂದ ಬರಿ ರೊಟ್ಟಿಯ ಸದ್ದು. ಸೋಬಾನೆಯೂ ಇಲ್ಲ. ಮದುವೆಯಲ್ಲಿ ಕಮಲಾದೇವಿ ತನ್ನ ಕಡೆಯವರನ್ನೆಲ್ಲ ಕೂಡಿಸಿ ಬೀಗಿತ್ತಿಯ ಹಾಡು ಕೇಳಿಸಿದಳು. ಮಧುಮತಿ ಹಾಡಿದಳು. ಈ ಸಲ ಚೆಂದ ಹಾಡಲು ಹೋಗಲಿಲ್ಲ.

ಎರಡು ವರ್ಷಕ್ಕೆ ನೀಲಕಂಠಪ್ಪನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಸ್ನಾನಕ್ಕೆ ಹೋದವನು ಬಚ್ಚಲಲ್ಲಿ ಕುಸಿದ. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಪೂರ್ತಿ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾಲು ಸ್ವಲ್ಪ ಆಡಿತು. ಬಾಯಿಂದ ಮಾತ್ರ 'ಆ' ಎಂಬುದೊಂದು ಬಿಟ್ಟರೆ ಏನೂ ಹೊರಡದು. ಎಲ್ಲ ತಿಳಿಯುತ್ತದೆ, ಹೇಳಲು ಆಗದು. ನೀರು ಬೇಕೆಂದರೂ 'ಆ', ಸೊಳ್ಳೆ ಕಚ್ಚಿದರೂ 'ಆ'. ಮಧುಮತಿ ಗಂಜಿ ಕುಡಿಸುವಳು, ಒರೆಸುವಳು, ಮಗ್ಗುಲು ಬದಲಾಯಿಸುವಳು. ಒಂದು ದಿನವೂ ಹಾಸಿಗೆ ವಾಸನೆ ಬರಲಿಲ್ಲ.

ಮಾತು ಕಲಿಸಲು ಒಬ್ಬ ಮೇಡಂ ಬರುತ್ತಿದ್ದರು. ಚಿಕ್ಕ ವಯಸ್ಸಿನವರು, ನಿಧಾನದವರು. ಒಂದು ದಿನ ಹೇಳಿದರು: "ಮಾತು ಹೋದ ಕೆಲವರಿಗೆ ಹಾಡು ಉಳಿದಿರತ್ತೆ. ಹಾಡೋ ಥರ ಹೇಳಿದ್ರೆ ಬಾಯಿಗೆ ಬರಬಹುದು. ಇವರು ತುಂಬಾ ಸಲ ಕೇಳಿರೋ ಹಾಡು ಯಾವುದಾದ್ರೂ ಇದೆಯಾ ಆಂಟಿ?"

ಇನ್ನೇನಿರುತ್ತದೆ ಆ ಮನೆಯಲ್ಲಿ? ನಾಲ್ಕು ತಲೆಯ ಸಂಗೀತ ಬೆರಳಲ್ಲಿತ್ತು, ಬೆರಳು ಬಿದ್ದುಹೋಗಿತ್ತು. ಮಾತಿರುವ ಹಾಡು ಅದೊಂದೇ.

ಮಧುಮತಿ ಮಂಚದ ಪಕ್ಕ ಕೂತು ಹಾಡಿದಳು. ಪೇಟಿ ಇಲ್ಲ, ತನ್ನದೇ ದನಿಯಲ್ಲಿ. ದಿನಾ ಗಂಜಿಯ ಮುಂಚೆ ಒಮ್ಮೆ, ಆದಮೇಲೆ ಒಮ್ಮೆ. ಒಂದು ದಿನ ಅವಳು ಓಡಿಬಂದು ಕಿಟಕಿ ಬಡಿದಳು. ನಾನು ಹೋದೆ. ನೀಲಕಂಠಪ್ಪನ ಸೊಟ್ಟ ಬಾಯಿ ತೆರೆದಿತ್ತು, ಕಣ್ಣಲ್ಲಿ ನೀರು. ಅವಳು 'ಅಂಗಳಕೆ ಬಾ ಶಿವನೆ' ಎಂದು ನಿಲ್ಲಿಸಿದಳು. ಅವನು ತಡವರಿಸಿ, ಆದರೆ ಒಂದೊಂದು ಅಕ್ಷರವೂ ಸರಿಯಾಗಿ, "ಹಾಲು ಕಾಯಿಸಿರುವೆ," ಎಂದು ಹಾಡಿದ. ಸೆರಗಿನಲ್ಲಿ ಅವನ ಬಾಯಿ ಒರೆಸಿದಳು ಅವಳು. ನಾನು ದೇವರಿಗೆ ಕೈ ಮುಗಿದೆ. ಎಲ್ಲ ಸರಿಹೋಯಿತು ಎಂದುಕೊಂಡೆ.

ಕೆಲವೇ ವಾರದಲ್ಲಿ ಅವನಿಗೆ ಎರಡೂ ಸಾಲು ಬಂದವು. ಆಗ ಮೇಡಂ ಮುಂದಿನದು ಹೇಳಿಕೊಟ್ಟರು. "ಅದೇ ರಾಗದಲ್ಲಿ ಮಾತು ಬದಲಾಯಿಸಿ ಆಂಟಿ. 'ಹಾಲು ಕಾಯಿಸಿರುವೆ' ಅನ್ನೋ ಕಡೆ 'ನೀರು ಬೇಕಾಗಿದೆ' ಅಂತ ಹಾಡಿ. 'ಕಾಲು ನೋಯುತ್ತಿದೆ' ಅಂತ ಹಾಡಿ. ನೀವು ದಿನಾ ಹೇಳಿಕೊಟ್ರೆ ಹಿಡ್ಕೋತಾರೆ. ನೀವೇ ಹೇಳ್ಕೊಡಬೇಕು, ನಾನು ವಾರಕ್ಕೊಂದು ಸಲ ಬಂದು ಆಗಲ್ಲ."

"ಆತ್ರಿ," ಎಂದಳು ಮಧುಮತಿ. ಆ 'ಆತು' ಹೇಳಿದ ರೀತಿ ನನಗೆ ಎಲ್ಲೋ ಕೇಳಿದ ಹಾಗಿತ್ತು.

ಮರುದಿನ ಕಿವಿಗೊಟ್ಟು ಕೇಳಿದೆ. ಅದರ ಮರುದಿನವೂ ಕೇಳಿದೆ. ಹಳೆಯ ಮಾತೇ. ಮೇಡಂ ಬಂದಾಗ, "ಕಲಸಾಕ ಹತ್ತೀನ್ರಿ, ಅವರಿಗೆ ಹತ್ತವಲ್ದು," ಎನ್ನುತ್ತಿದ್ದಳು. ಸ್ವಲ್ಪ ದಿನಕ್ಕೆ ಮೇಡಮ್ಮಿಗೆ ಬರುವುದು ಬೇಡ ಎಂದು ಹೇಳಿ ಕಳಿಸಿದಳು.

ಒಂದು ಭಾನುವಾರ ರಾಜಶ್ರೀ, ಅಳಿಯ, ಕಮಲಾದೇವಿ ನೋಡಲು ಬಂದರು. ಊಟಕ್ಕೆ ನಾನೂ ಇದ್ದೆ. ಊಟವಾಯಿತು. ಮಧುಮತಿ ಕೈ ತೊಳೆದು ಒಳಗೆ ಹೋಗಿ ಕೌದಿಯ ಗಂಟು ತಂದಳು. ಬಿಚ್ಚಿದಳು. ಪೇಟಿಯ ಮುಂದೆ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಮ್ಮ ಮನಿಯವರು ಹಾಡ್ತಾರ್ರೀ," ಎಂದಳು ಕಮಲಾದೇವಿಗೆ. "ಒಂದ ಹಾಡು. 
ಎರಡನೇದು ಕೇಳಬ್ಯಾಡ್ರಿ."

ಎಡಗೈಯಲ್ಲಿ ತಿದಿ ಒತ್ತುತ್ತ ಬಲಗೈಯ ಬೆರಳನ್ನು ಕೀಲಿಗಳ ಮೇಲೆ ಒಂದೊಂದೇ ಮನೆ ಸರಿಸಿಕೊಂಡು ಹೋದಳು. ಒಂದು ಕಡೆ ನಿಂತಳು. ಅವನು ಆ ಬೆರಳನ್ನೇ ನೋಡುತ್ತಿದ್ದ. ಇನ್ನೊಂದು ಕೀಲಿ ಮೇಲಕ್ಕೆ ಹೋದಳು. ಅವನು ತಲೆ ಅಲ್ಲಾಡಿಸಿದ. ಬೇಡ ಅನ್ನುವುದಕ್ಕೆ ಅವನಲ್ಲಿ ಮಾತಿರಲಿಲ್ಲ. ಅಷ್ಟು ವರ್ಷ ಶ್ರುತಿ ತಪ್ಪದ ಕಿವಿ ಅದು, ಪೇಟಿ ಎಲ್ಲಿ ಹಿಡಿದರೆ ಅಲ್ಲಿಗೇ ಹೋಗಬೇಕು. ಹೋದ. 'ಬಾಗಿಲು' ಅನ್ನುವ ಕಡೆ ಅವನ ದನಿ ಸೀಳಿತು.

ಮಧುಮತಿ ಪೇಟಿ ನಿಲ್ಲಿಸಿ ಬೀಗಿತ್ತಿಯ ಮುಖ ನೋಡಿದಳು. ಹಾಸ್ಯದ ಮಾತು ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಕಮಲಾದೇವಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, "ಗಂಡಾ ಹೆಂಡ್ತಿ ಸರಿಯಾಗಿ ಕೂಡೀರಿ," ಎಂದಳು.

ರಾಜಶ್ರೀ ಈ ಸಲ ನಗಲಿಲ್ಲ. ತಾಯಿಯ ಹಿಂದೆಯೇ ಅಡುಗೆಮನೆಗೆ ಬಂದಳು.

"ಅವ್ವ, ಅಷ್ಟ ಮ್ಯಾಲೆ ಹಿಡೀಬ್ಯಾಡ. ಅಪ್ಪಗ ಮುಟ್ಟಂಗಿಲ್ಲ."

"ಮ್ಯಾಲೆ ಹಿಡದದ್ದು ನಿನಗ ತಿಳೀತೇನು?"

"ತಿಳೀತದ."

"ಅವತ್ತ ನನಗ ಹಿಡದಾಗೂ ತಿಳಿದಿತ್ತೇನು?"

ರಾಜಶ್ರೀ ನನ್ನ ಕಡೆ ನೋಡಿದಳು. ನಾನು ಯಾರ ಕಡೆ ಮಾತಾಡಲಿ? ಅವಳು ಹಾಗೇ ಹೊರಗೆ ಹೋಗಿ ಅಪ್ಪನ ಕಾಲ ಹತ್ತಿರ ಕೂತಳು. ಅದಾದ ಮೇಲೆ ಬರುವುದು ಕಡಿಮೆಯಾಯಿತು. ಬಂದರೆ ಯಾರನ್ನೂ ಜೊತೆಗೆ ಕರೆತರುತ್ತಿರಲಿಲ್ಲ. ಆದರೆ ಆಫೀಸಿನ ಹಳಬರು ಬರುತ್ತಿದ್ದರು, ಊರಿನವರು ಬರುತ್ತಿದ್ದರು. ಎಲ್ಲರಿಗೂ ಊಟ, ಎಲ್ಲರಿಗೂ ಹಾಡು. ಹೋಗುವಾಗ ಹೊಸಿಲಲ್ಲಿ ನಿಂತು, "ಎಂಥಾ ಹೆಂಡ್ತಿ ಪಡದಾನ ನೋಡ್ರಿ, ಹಾಡಿ ಹಾಡಿ ಮಾತು ತರಿಸ್ಯಾಳ," ಎಂದು ಹೇಳಿ ಹೋಗುತ್ತಿದ್ದರು.

ಒಂದು ಸಂಜೆ ನಾನು ಕಿಟಕಿಯಲ್ಲಿ ಸೊಪ್ಪು ಸೋಸುತ್ತಿದ್ದೆ. ಅವಳು ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ತಡೆಯಲಾಗದೆ ಹೇಳಿದೆ: "ನೀರು ಅನ್ನೋದೊಂದಾದ್ರೂ ಹೇಳ್ಕೊಡಮ್ಮ. ಬಾಯಾರಿದಾಗ ಕೇಳೋಕೆ ಬೇಡ್ವ?"

ಹಿಟ್ಟನ್ನು ಮಗುಚಿ ಅಂಗೈಯಿಂದ ಒತ್ತಿದಳು.

"ಮೊದ್ಲ ಇದನ್ನ ಸರಿ ಮಾಡ್ಲಿ ಅಮ್ಮಾರ. ಆಮ್ಯಾಗ ಎರಡನೇದು ನೋಡೂಣು."

ಅವಳು ರೊಟ್ಟಿ ಬಡಿಯತೊಡಗಿದಳು. ಬಡಿಯುತ್ತ ಬಡಿಯುತ್ತ, ಎಷ್ಟೋ ಕಾಲದ ಮೇಲೆ, ನಮ್ಮವ್ವನ ಒಂದು ಸೋಬಾನೆ ಎತ್ತಿದಳು. ತುಂಬಿದ ದನಿಯಲ್ಲಿ. ನಡುಮನೆಯ ಕಡೆ ತಿರುಗಿ ನೋಡುವ ಅಗತ್ಯ ಈಗ ಇರಲಿಲ್ಲ. ಅಲ್ಲಿಂದ ಅವನು ಕರೆದ, ಗಂಟಲು ಒಣಗಿದವನ ದನಿ.

"ಹಾಲು ಕಾಯಿಸಿರುವೆ."

ಸೋಬಾನೆ ನಿಲ್ಲಲಿಲ್ಲ. ಸ್ವಲ್ಪ ಬಿಟ್ಟು ಮತ್ತೆ ಬಂತು, "ಹಾಲು ಕಾಯಿಸಿರುವೆ, ಹಾಲು ಕಾಯಿಸಿರುವೆ."

ಅವಳು ಹಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿ, ಬೇಯಿಸಿ, ತೆಗೆದಳು. ಪಕ್ಕದ ಒಲೆಯ ಮೇಲೆ ಪಾತ್ರೆ ಇಟ್ಟು ಹಾಲು ಸುರಿದಳು. ಉಕ್ಕುವವರೆಗೆ ಕಾಯಿಸಿ ಲೋಟಕ್ಕೆ ಬಗ್ಗಿಸಿಕೊಂಡು ಒಳಗೆ ಹೋದಳು. ಅವನು ಮುಖ ತಿರುಗಿಸಿರಬೇಕು, ಲೋಟಕ್ಕೆ ಹಲ್ಲು ತಾಗಿದ ಸದ್ದು ಬಂತು.

"ಕುಡೀರಿ," ಎಂದಳು. "ನೀವ ಕೇಳೀರಲ್ಲ."